ಹದಿನಾಲ್ಕು ತಾಯಂದಿರು

ತಂಗಿಯ ಮಗುವನ್ನು ನೋಡಲು ಹೋದಾಗ ಅವಳ ಫ್ರಿಜ್ಜಿನ ಬಾಗಿಲಲ್ಲಿ ನನ್ನದೇ ಫೋಟೊ ನಗುತ್ತಿತ್ತು. ಅದರ ಕೆಳಗೆ ಆರು ವರ್ಷದ ಹಿಂದೆ ನಾನು ಪತ್ರಿಕೆಗೆ ಬರೆದ ವಿಜ್ಞಾನದ ಅಂಕಣ: ಮಗು ಅತ್ತರೆ ತಾಯಿಯ ಮೆದುಳೇ ಅವಳನ್ನು ಎಬ್ಬಿಸುತ್ತದೆ, ತಂದೆಯದು ಹಾಗಲ್ಲ.

"ನಮ್ಮತ್ತೆ ಅಂಟಿಸಿದ್ದು," ಎಂದಳು ತಂಗಿ. "ನನಗೆ ಎಚ್ಚರ ಆಗದಿದ್ರೆ ತೋರಿಸ್ತಾರೆ. ನಿಮ್ಮಕ್ಕನೇ ಬರೆದಿದಾಳೆ, ನಿನ್ನ ತಲೇಲೇ ಏನೋ ಕಮ್ಮಿ ಅಂತಾರೆ. ನಮ್ಮನೆಯವರ ಗೊರಕೆಗಂತೂ ವಿಜ್ಞಾನದ ಅಪ್ಪಣೆ ಸಿಕ್ಕಿದೆ."

ನನಗೆ ನಗು ಬರಲಿಲ್ಲ. ಆ ಅಂಕಣಕ್ಕೆ ಆಧಾರವಾಗಿದ್ದ ಅಧ್ಯಯನದಲ್ಲಿದ್ದದ್ದು ಬರೀ ಹದಿನಾಲ್ಕು ತಾಯಂದಿರು. ತಂದೆಯರನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿಯೇ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಮೆದುಳಿನ ಪಾಠ ಹೇಳುವ ನನಗೆ ಅದು ಗೊತ್ತಿತ್ತು. ಆದರೂ ಬರೆದಿದ್ದೆ. ಸಾಲು ಚೆನ್ನಾಗಿತ್ತು.

ಮರುದಿನವೇ ಪರೀಕ್ಷೆಗೊಂದು ಪ್ರಶ್ನೆ ಸಿದ್ಧಮಾಡಿದೆ: 'ಈ ಅಂಕಣವನ್ನೂ ಅದರ ಮೂಲ ಪ್ರಬಂಧವನ್ನೂ ಓದಿ, ಅಂಕಣದ ತಪ್ಪುಗಳನ್ನು ಹುಡುಕಿ. ಲೇಖಕಿ ನಿಮ್ಮ ಅಧ್ಯಾಪಕಿ.'

ವಿಭಾಗದ ಮುಖ್ಯಸ್ಥರು ಕರೆಸಿದರು. "ಮೇಡಂ, ಈ ಅಂಕಣ ನಮ್ಮ ಪ್ರವೇಶದ ಕೈಪಿಡಿಯಲ್ಲಿದೆ. ನಮ್ಮ ಮುಖಕ್ಕೆ ನಾವೇ ಮಸಿ ಬಳ್ಕೊಳ್ಳೋದಾ?"

"ಬಳಿದು ಆರು ವರ್ಷ ಆಯ್ತು ಸರ್. ಈಗ ತೊಳೀತಿದೀನಿ."

"ಪ್ರಶ್ನೆ ತೆಗೀರಿ. ಇಲ್ಲಾಂದ್ರೆ ಪಾಠಾನೋ ಪತ್ರಿಕೆನೋ, ಒಂದನ್ನೇ ಇಟ್ಕೊಳ್ಳಿ. ಎರಡು ದೋಣೀಲಿ ಕಾಲಿಡೋದು ಬೇಡ."

"ಅಲ್ಲಿ ಮಾಡಿದ ತಪ್ಪನ್ನ ಇಲ್ಲಿ ಕಲಿಸ್ತೀನಿ, ಇಲ್ಲಿ ಕಲಿತದ್ದನ್ನ ಅಲ್ಲಿ ಬರೀತೀನಿ. ನನಗಿರೋದು ಒಂದೇ ದೋಣಿ. ಬೇಕಾದ್ರೆ ಲಿಖಿತ ಆದೇಶ ಕೊಡಿ, ಅದನ್ನೂ ಅಂಕಣದಲ್ಲಿ ಹಾಕ್ತೀನಿ."

ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಆದೇಶ ಬರಲಿಲ್ಲ.

ಪರೀಕ್ಷೆಯಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ನನಗೆ ಗೊತ್ತಿದ್ದ ಎರಡು ತಪ್ಪುಗಳನ್ನೇ ಹಿಡಿದಿದ್ದರು. ಹಿಂದಿನ ಬೆಂಚಿನ ಒಬ್ಬಳು ಮೂರನೆಯದನ್ನು ಬರೆದಿದ್ದಳು: 'ಯಂತ್ರದೊಳಗೆ ಅಳು ಕೇಳಿಸಿಕೊಂಡಾಗ ತಾಯಂದಿರೆಲ್ಲ ಎಚ್ಚರವಾಗಿಯೇ ಇದ್ದರು. ಎಬ್ಬಿಸುವ ಮಾತು ಎಲ್ಲಿಂದ ಬಂತು?'

ಆರು ವರ್ಷ ನನ್ನ ಕಣ್ಣಿಗೆ ಬೀಳದ್ದು. ಅವಳ ಒಪ್ಪಿಗೆ ಪಡೆದು, ಅವಳ ಮಾತನ್ನೇ ಮೊದಲ ಸಾಲಾಗಿಸಿ ಹೊಸ ಅಂಕಣ ಬರೆದೆ.

ಅದು ಅಚ್ಚಾದ ದಿನ ತಂಗಿಯ ಮನೆಗೆ ಹೋಗಿ ಹಳೆಯದರ ಮೇಲೆಯೇ ಅಂಟಿಸಿದೆ. ಅವಳ ಅತ್ತೆ ಕನ್ನಡಕ ಏರಿಸಿ ನೋಡಿದರು.

"ಹಳೇದರಲ್ಲಿ ಫೋಟೊ ಚೆನ್ನಾಗಿತ್ತಮ್ಮ."

"ಫೋಟೊ ಒಂದೇ ಚೆನ್ನಾಗಿದ್ದದ್ದು."

ವಾರ ಬಿಟ್ಟು ಮತ್ತೆ ಹೋದಾಗ ತಂಗಿ ಒಳಗೆ ಮಲಗಿದ್ದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ಅವಳ ಗಂಡ ವರಾಂಡದಲ್ಲಿ ತಿರುಗುತ್ತಿದ್ದ, ಕಣ್ಣು ಕೆಂಪಗೆ.

"ಅಕ್ಕಾ, ಹಳೇ ವಿಜ್ಞಾನವೇ ವಾಸಿ ಇತ್ತು," ಎಂದ.

"ಮೆಲ್ಲಗೆ ಮಾತಾಡಿ," ಎಂದೆ. "ಅವಳಿಗೆ ಎಚ್ಚರ ಆದೀತು."