ಹೀರೋ ನೇಯ್ದ ಗೇಣು

ಬನಹಟ್ಟಿಯ ಗುರುಬಾಯಿಗೆ ಒಂದು ಚಟವಿತ್ತು. ಎಲೆ ಅಡಿಕೆಯದಲ್ಲ, ಪ್ರಶ್ನೆ ಕೇಳುವುದು. ಬಸ್ಸಿನಲ್ಲಿ ಪಕ್ಕ ಕೂತವರ ಚೀಲದಲ್ಲಿ ಏನಿದೆ ಎಂದು ತಿಳಿದುಕೊಳ್ಳದೆ ತೇರದಾಳ ದಾಟುವವಳಲ್ಲ. ಮದುವೆ ಮನೆಯಲ್ಲಿ ಹುಗ್ಗಿಗೆ ಎಷ್ಟು ಬೆಲ್ಲ ಹಾಕಿದಿರಿ ಎಂದು ಅಡಿಗೆಯವನನ್ನು ಕೇಳಿ, ಅವನು ಹೇಳಿದ ಮೇಲೆ, ಅಷ್ಟು ಯಾಕೆ ಎಂದು ಮತ್ತೆ ಕೇಳುವವಳು. ಐವತ್ತೆಂಟರ ಈ ಹೆಂಗಸು ನಲವತ್ತು ವರ್ಷದಿಂದ ಕೈಮಗ್ಗದ ಮುಂದೆ ಕೂತಿದ್ದಳು. ಓಣಿಯ ಉಳಿದ ಮನೆಗಳಲ್ಲೆಲ್ಲ ಪವರ್‌ಲೂಮು ಖಟಾಖಟ ಎನ್ನುವಾಗ ಇವಳ ಮನೆಯಲ್ಲಿ ಮಾತ್ರ ಲಾಳಿ ಇನ್ನೂ ಕೈಯಿಂದಲೇ ಓಡುತ್ತಿತ್ತು. ಟಿವಿಯವರು ಅವಳನ್ನು ಹುಡುಕಿಕೊಂಡು ಬಂದದ್ದೂ ಅದಕ್ಕೇ.

ಆ ಕಾರ್ಯಕ್ರಮ ಗೊತ್ತಿಲ್ಲದವರು ಊರಲ್ಲಿ ಯಾರೂ ಇರಲಿಲ್ಲ. ಪ್ರತಿ ರವಿವಾರ ಒಬ್ಬ ಸಿನೆಮಾದವರು ಬಡವರ ಕಸುಬೊಂದನ್ನು ಒಂದು ದಿನ ಮಾಡುತ್ತಾರೆ; ಅದನ್ನು ನೋಡಿ ಜನ ಕೊಟ್ಟ ದುಡ್ಡು ಯಾರೋ ಕಷ್ಟದಲ್ಲಿದ್ದವರಿಗೆ ಹೋಗುತ್ತದೆ. ಒಂದು ವಾರ ನಟಿಯೊಬ್ಬಳು ಇಡ್ಲಿ ಮಾರಿದ್ದಳು. ಇನ್ನೊಂದು ವಾರ ಹಾಸ್ಯನಟನೊಬ್ಬ ಹಮಾಲಿ ಮಾಡಲು ಹೋಗಿ ಚೀಲದ ಸಮೇತ ಬಿದ್ದಿದ್ದ. ಈ ಸಲ ಹೆಸರಾಂತ ಹೀರೋ ಬಂದು ಗುರುಬಾಯಿಯ ಮಗ್ಗದಲ್ಲಿ ಸೀರೆ ನೇಯಬೇಕು. ಸಹಾಯ ಆಗಬೇಕಾದದ್ದು ಬೀಳಗಿಯ ಮಲ್ಲಿನಾಥನ ಮಗಳು ಸೌಂದರ್ಯಾಳಿಗೆ. ನಾಲ್ಕೂವರೆ ವರ್ಷದ ಕೂಸು, ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಕಿವಿಯೊಳಗೆ ಯಂತ್ರ ಕೂಡಿಸುವ ಆಪರೇಷನ್ ಐದು ತುಂಬುವುದರೊಳಗೆ ಆದರೆ ಮಾತೂ ಬಂದೀತು, ತಡವಾದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಬಾಡಿಗೆ ಟೆಂಪೋ ಓಡಿಸುವ ಮಲ್ಲಿನಾಥನಿಗೆ ಅದು ಕೈಗೆಟುಕುವ ಮಾತಾಗಿರಲಿಲ್ಲ.

ಸುದ್ದಿ ತಿಳಿದ ದಿನವೇ ಪಕ್ಕದ ಮನೆಯ ದಶರಥ ಬಂದು ಕಟ್ಟೆಯ ಮೇಲೆ ಕೂತ. ಎಂಟು ಪವರ್‌ಲೂಮಿನ ಮಾಲಕ, ಅಭಿಪ್ರಾಯಗಳು ಅದಕ್ಕಿಂತ ಹೆಚ್ಚು.

"ಎಲ್ಲಾ ನಾಟಕ ಐತಿ ಗುರುಬಾಯಿ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತಾರ ಹಿರ್‍ಯಾರು. ಇವ್ರು ಇಡೀ ರಾಜ್ಯಕ್ಕ ತೋರಿಸಿ ಕೊಡ್ತಾರ."

"ಹಂಗಾದ್ರ ದಶರಥಣ್ಣಾ, ಗುಡಿ ಫ್ಯಾನಿನ ಮ್ಯಾಲ ನಿನ್ನ ಹೆಸರು ಯಾಕ ಬರಿಸಿದಿ?"

ಆ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ದಶರಥನ ಹೆಸರಿತ್ತು. ತಿರುಗಿದರೆ ಹೆಸರು ಕಾಣುವುದಿಲ್ಲವೆಂದು ಅವನು ಗುಡಿಗೆ ಬಂದಾಗ ಪೂಜಾರಿ ಬೇಸಿಗೆಯಲ್ಲೂ ಅದನ್ನು ಆರಿಸುತ್ತಾನೆ ಎಂದು ಓಣಿಯಲ್ಲಿ ಮಾತಿತ್ತು. ಗುರುಬಾಯಿಯ ಸೊಸೆ ಕಾಂಚನಾ ಒಳಗಿನಿಂದಲೇ ಹೇಳಿದಳು, "ನಾಟಕ ಆದ್ರ ಆಗ್ಲಿ ಬಿಡ್ರಿ ಕಾಕಾ, ಕೂಸಿಗೆ ಕಿವಿ ಬರತೈತಿಲ್ಲೋ?" ಕಾಂಚನಾ ಆ ಕಾರ್ಯಕ್ರಮ ನೋಡುತ್ತ ಪ್ರತಿ ವಾರ ಅಳುವವಳು.

ಶೂಟಿಂಗಿನ ದಿನ ಬಂದವರು ಮೊದಲು ಫ್ರಿಜ್ಜನ್ನು ಅಡಿಗೆ ಮನೆಗೆ ತಳ್ಳಿದರು. ಗೋಡೆಯ ಬಣ್ಣ ಬಹಳ ಹೊಸದಾಯಿತೆಂದು ಮುಖ ಸಣ್ಣ ಮಾಡಿದರು. "ಯಾಕ್ರಿ?" ಎಂದಳು ಗುರುಬಾಯಿ. ಆಮೇಲೆ ಹೀರೋ ಬಂದ. ಪರದೆಯ ಮೇಲೆ ಹತ್ತು ಜನರನ್ನು ಎತ್ತಿ ಒಗೆಯುವವನು ಮಗ್ಗದ ತಗ್ಗಿನಲ್ಲಿ ಕಾಲಿಳಿಸಿ ಕೂತ ಮೇಲೆ ಲಾಳಿಯೊಂದನ್ನು ನೆಟ್ಟಗೆ ಒಗೆಯಲಾರದೆ ಒದ್ದಾಡಿದ. ಲಾಳಿ ಎರಡು ಸಲ ಹಾರಿ ಕ್ಯಾಮೆರಾದವನ ಕಾಲಿಗೆ ಬಡಿಯಿತು. ಆದರೆ ಮನುಷ್ಯ ಬಿಡಲಿಲ್ಲ. ಬೆವರಿದ, ಬೆರಳು ಕೊಯ್ದುಕೊಂಡ, ಎದ್ದು ಹೋಗಿ ಅಂದರೂ ಏಳದೆ ಒಂದು ತಾಸಿನಲ್ಲಿ ಒಂದು ಗೇಣು ನೇಯ್ದ. ಗುರುಬಾಯಿಗೆ ಅವನ ಬಗ್ಗೆ ಸ್ವಲ್ಪ ಪ್ರೀತಿಯೇ ಹುಟ್ಟಿತು. ಹುಟ್ಟಿದ್ದಕ್ಕೇ ಕೇಳಿಬಿಟ್ಟಳು.

"ಸಾಹೇಬ್ರ, ನಿಮ್ಮ ಕಡೆ ರಗಡ ರೊಕ್ಕ ಐತಿ ಅಂತಾರ. ಆ ಕೂಸಿಗೆ ನೀವ ಕೊಟ್ಟು ಬಿಡಬಾರದೇನ್ರಿ? ಇಷ್ಟೆಲ್ಲಾ ಯಾಕ?"

ಕ್ಯಾಮೆರಾ ನಿಂತಿತು. ಬೆಳಕಿನ ಕೊಡೆ ಹಿಡಿದವನು ಕೊಡೆ ಇಳಿಸಿದ. ಹೀರೋ ಮಾತ್ರ ನಕ್ಕ. "ಅಮ್ಮಾ, ನಾನು ಕೊಟ್ರೆ ಒಂದು ಮಗುಗೆ ಆಗುತ್ತೆ. ನಾನು ಹಿಂಗೆ ಒದ್ದಾಡಿದ್ರೆ ನೋಡಿದವರೆಲ್ಲ ಕೊಡ್ತಾರೆ. ಯಾಕೆ ಅಂತ ನನಗೂ ಗೊತ್ತಿಲ್ಲ." ಮಾತು ಖರೆ ಅನ್ನಿಸಿತು ಗುರುಬಾಯಿಗೆ. ಪೂರ್ತಿ ಖರೆಯೋ ಅರ್ಧವೋ ಎಂದು ವಿಚಾರ ಮಾಡುವಷ್ಟರಲ್ಲಿ ಅವನು ಕೈ ಮುಗಿದು ಗಾಡಿ ಹತ್ತಿದ. ಸೀರೆ ಮುಗಿದ ಮೇಲೆ ಯಾರಿಗೂ ಮಾರಬೇಡಿ, ನಾವು ಒಯ್ಯುತ್ತೇವೆ ಎಂದು ಹೇಳಿ ಟಿವಿಯವರೂ ಹೋದರು. ಯಾಕೆ ಒಯ್ಯುತ್ತಾರೆ ಎಂದು ಹೇಳಲಿಲ್ಲ. ಗುರುಬಾಯಿ ಜನ್ಮದಲ್ಲಿ ಒಂದೇ ಒಂದು ಸಲ ಕೇಳಲು ಮರೆತಳು, ಅದು ಆಗಲೇ ಆಗಬೇಕೆ!

ಮಧ್ಯಾಹ್ನ ಉಂಡು ಬಂದು ಮಗ್ಗಕ್ಕೆ ಕೂತವಳ ಕಣ್ಣು ಆ ಗೇಣಿನ ಮೇಲೆ ಬಿತ್ತು. ಒಂದು ಕಡೆ ಎಳೆಗಳು ಬಿಗಿದು ಗಂಟಾಗಿವೆ, ಇನ್ನೊಂದು ಕಡೆ ಜರಡಿ. ಅಂಚು ಕುಡಿದವನು ನಡೆದ ಹಾಗೆ ಅತ್ತ ಇತ್ತ ಹೋಗಿದೆ. ಈ ಸೀರೆ ಉಡುವ ಹೆಣ್ಣುಮಗಳು ಏನಂದಾಳು? ಗುರುಬಾಯಿ ಎರಡನೇ ವಿಚಾರ ಮಾಡಲಿಲ್ಲ. ಎಳೆ ಎಳೆಯಾಗಿ ಆ ಗೇಣನ್ನು ಬಿಚ್ಚಿದಳು. ಅವನು ಒಂದು ತಾಸಿನಲ್ಲಿ ಕೆಡಿಸಿದ್ದನ್ನು ಬಿಚ್ಚಲು ಅವಳಿಗೆ ಮೂರು ತಾಸು ಹಿಡಿಯಿತು. ಮತ್ತೆ ನೆಟ್ಟಗೆ ನೇಯ್ದು ಮುಂದಕ್ಕೆ ಹೋದಳು. ಅದು ತಪ್ಪೆಂದು ಅವಳ ತಲೆಗೇ ಬರಲಿಲ್ಲ. ಮನೆಗೆ ಬಂದವರ ಕೂಸು ಉಚ್ಚೆ ಹೊಯ್ದರೆ ಒರೆಸುವುದಿಲ್ಲವೇ, ಹಾಗೆ. ಒಂದು ವಾರದಲ್ಲಿ ಸೀರೆ ಮುಗಿಯಿತು, ಮಗ್ಗದಿಂದ ಕತ್ತರಿಸಿ ಮಡಿಚಿ ಇಟ್ಟಳು.

ರವಿವಾರ ಸಂಜೆ ಅರ್ಧ ಓಣಿ ಅವಳ ಮನೆಯಲ್ಲೇ ಕೂತು ಟಿವಿ ನೋಡಿತು. ಕಾಂಚನಾ ಎಲ್ಲರಿಗೂ ಚುರಮುರಿ ಹಂಚಿದಳು. ತಮ್ಮ ಓಣಿ ಕಂಡಿತು, ತಮ್ಮ ನಾಯಿ ಕಂಡಿತು, ಗುರುಬಾಯಿ ಕೇಳಿದ ಪ್ರಶ್ನೆ ಮಾತ್ರ ಕಾಣಲಿಲ್ಲ. ಸೌಂದರ್ಯಾಳನ್ನು ತೋರಿಸಿ ಕೊಳಲು ಬಾರಿಸಿದರು, ಕಾಂಚನಾ ಅತ್ತಳು. ಆಮೇಲೆ ಬಣ್ಣದ ದೀಪಗಳ ನಡುವೆ ನಿಂತ ನಿರೂಪಕಿ ಕೂಗಿದಳು: ಹೀರೋ ತಮ್ಮ ಕೈಯಾರೆ ನೇಯ್ದ ಸೀರೆ ಈಗ ಹರಾಜಿಗೆ!

"ಒಂದು ಗೇಣು ನೇಯ್ದು ಇಡೀ ಸೀರಿ ನಂದು ಅಂತಾನ ನೋಡು," ಎಂದ ದಶರಥ. ಆದರೂ ಮುಂದಕ್ಕೆ ಸರಿದು ಕೂತ.

ಐವತ್ತು ಸಾವಿರದಿಂದ ಶುರುವಾದದ್ದು ಫೋನಿನ ಮೇಲೆ ಫೋನು ಬಂದು ಆರು ಲಕ್ಷಕ್ಕೆ ನಿಂತಿತು. ಗೆದ್ದವರು ಮುಧೋಳದ ಕಬ್ಬಿಣ ಸಿಮೆಂಟಿನ ವ್ಯಾಪಾರಿ ಶಿದ್ರಾಮಪ್ಪ. ಅವರದು ಒಂದೇ ಕರಾರು. ನೇಕಾರರ ಮನೆಗೆ ತಾವೇ ಬಂದು, ಹೀರೋ ನೇಯ್ದ ಭಾಗವನ್ನು ಕಣ್ಣಾರೆ ನೋಡಿ, ಅಲ್ಲೇ ಕೂಸಿನ ತಂದೆಗೆ ಚೆಕ್ ಕೊಡುವುದು. ಆ ಸೀರೆಗೆ ಗಾಜಿನ ಪೆಟ್ಟಿಗೆ ಮಾಡಿಸಿ ಅಂಗಡಿಯಲ್ಲಿ ಇಡುತ್ತಾರಂತೆ. ಓಣಿ ಚಪ್ಪಾಳೆ ತಟ್ಟಿತು. ಗುರುಬಾಯಿಯ ಬಾಯಲ್ಲಿದ್ದ ಚುರಮುರಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಸೊಸೆಯ ಕೈ ಹಿಡಿದು ಅಡಿಗೆ ಮನೆಗೆ ಎಳೆದೊಯ್ದಳು.

"ಕಾಂಚನಾ, ಅದು ಇಲ್ಲ ಬೇ."

"ಯಾವುದ್ರಿ ಅತ್ತಿ?"

"ಹೀರೋ ನೇಯ್ದ ಗೇಣು. ನಾ ಬಿಚ್ಚಿ ಮತ್ತ ನೇಯ್ದೀನಿ."

ಕಾಂಚನಾ ಫ್ರಿಜ್ಜಿಗೆ ಆತು ನಿಂತಳು. "ಯಾಕ್ರಿ?" ಎಂದಳು. ಜೀವನವಿಡೀ ಊರಿಗೆಲ್ಲ ಆ ಪ್ರಶ್ನೆ ಕೇಳಿದ ಗುರುಬಾಯಿ ಈ ಸಲ ತಾನೇ ಉತ್ತರ ಕೊಡಬೇಕಾಯಿತು. "ಸೊಟ್ಟ ಇತ್ತು," ಎಂದಳು ಅಷ್ಟೇ.

ಅಂದಿನಿಂದ ಅವಳಿಗೆ ಊಟಕ್ಕಿಂತ ವಿಚಾರವೇ ಹೆಚ್ಚಾಯಿತು. ಅವಳ ಇಡೀ ಸೀರೆಗೆ ಪೇಟೆಯಲ್ಲಿ ಮೂರು ಸಾವಿರ ಬಂದರೆ ಹೆಚ್ಚು. ಅವನ ಒಂದು ಕೆಟ್ಟ ಗೇಣಿಗೆ ಆರು ಲಕ್ಷ. ಹಾಗಾದರೆ ಆ ಸಾಹುಕಾರ ಕೊಂಡದ್ದು ಏನನ್ನು? ಬಟ್ಟೆಯನ್ನಂತೂ ಅಲ್ಲ. ಹೆಸರನ್ನೋ, ಕೂಸಿನ ಕಿವಿಯನ್ನೋ, ಟಿವಿಯಲ್ಲಿ ತನ್ನ ಊರಿನ ಹೆಸರು ಬಂದದ್ದನ್ನೋ? ಅವಳಿಗೆ ಸಿಟ್ಟು ಬರಲಿಲ್ಲ, ಖರೆ ಹೇಳಬೇಕೆಂದರೆ ಮೋಜೇ ಅನ್ನಿಸುತ್ತಿತ್ತು. ಅಷ್ಟರಲ್ಲಿ ಬೀಳಗಿಯ ಕೂಸು ನೆನಪಾಗಿ ತಟ್ಟೆ ಸರಿಸಿ ಏಳುತ್ತಿದ್ದಳು.

ಮಗ್ಗದ ಮೇಲೆ ಇನ್ನೊಂದು ಸೀರೆಗಾಗುವಷ್ಟು ನೂಲು ಉಳಿದಿತ್ತು. ಹೀರೋ ನೇಯ್ದ ಹಾಗೆಯೇ ತಾನೂ ಒಂದು ಗೇಣು ಕೆಡಿಸಿ ಹೊಸ ಸೀರೆ ಮಾಡಿದರೆ? ಕೂತಳು. ಲಾಳಿಯನ್ನು ಅಡ್ಡಾದಿಡ್ಡಿ ಒಗೆದಳು, ಅದು ನೆಟ್ಟಗೇ ಹೋಗಿ ನಿಂತಿತು. ಕಣ್ಣು ಮುಚ್ಚಿ ನೇಯ್ದಳು, ಅದು ಇನ್ನೂ ಛಲೋ ಬಂತು. ಹಲ್ಲು ಕಚ್ಚಿ ಒಂದು ಎಳೆ ಸಡಿಲ ಬಿಟ್ಟರೆ ಮುಂದಿನ ಎಳೆಗೆ ಕೈ ತಾನಾಗಿಯೇ ಹೋಗಿ ಅದನ್ನು ಸರಿ ಮಾಡುತ್ತಿತ್ತು. ನಲವತ್ತು ವರ್ಷ ಸಾಕಿದ ಕೈ ತನ್ನ ಮಾತನ್ನೇ ಕೇಳದೆ ಹೋದದ್ದಕ್ಕೆ ಗುರುಬಾಯಿ ಮೊದಲು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

"ನಾ ಕೂಡ್ತೀನ್ರಿ," ಎಂದಳು ಕಾಂಚನಾ. "ನಂಗ ನೇಯಾಕ ಬರಂಗಿಲ್ಲ. ಸೊಟ್ಟ ಬೇಕಂದ್ರ ನನಗಿಂತ ಛಲೋ ಯಾರು ನೇಯ್ತಾರ?"

"ಬ್ಯಾಡ ಬೇ. ಒಂದು ಸುಳ್ಳಿಗೆ ಇಡೀ ಸೀರಿ ನೇಯೂದು ಆಗಂಗಿಲ್ಲ. ಸಾಹುಕಾರ್‍ರಿಗೆ ಇದ್ದದ್ದು ಇದ್ದಂಗ ಹೇಳ್ತೀನಿ."

"ಹೇಳ್ರಿ. ಖರೆ ಹೇಳಿದ್ರ ನಿಮಗ ಪುಣ್ಯ ಬರತೈತಿ. ಕೂಸಿಗೆ ಕಿವಿ ಬರಂಗಿಲ್ಲ."

ಇಷ್ಟು ಚೂಪಾಗಿ ಮಾತಾಡಲು ಈ ಹುಡುಗಿ ಯಾವಾಗ ಕಲಿತಳು ಎಂದು ಗುರುಬಾಯಿ ಅವಳನ್ನೇ ನೋಡಿದಳು. ಆದರೂ ಮನಸ್ಸು ಬದಲಿಸಲಿಲ್ಲ. ಇದ್ದದ್ದು ಹೇಳುವುದು, ಆಮೇಲೆ ಅವರ ಕಾಲು ಹಿಡಿದಾದರೂ ಕೂಸಿಗೆ ಕೊಡಿ ಎಂದು ಕೇಳುವುದು.

ಶುಕ್ರವಾರ ಹತ್ತು ಗಂಟೆಗೆ ಶಿದ್ರಾಮಪ್ಪ ಬಂದರು. ಬಿಳಿ ಅಂಗಿ, ದೊಡ್ಡ ನಗೆ, ಜೊತೆಗೆ ಹೆಂಡತಿ ಭಾಗವ್ವ. ಈ ಸಲ ಕ್ಯಾಮೆರಾದವನು ಒಬ್ಬನೇ. ಅವರ ಹಿಂದೆ ಮಲ್ಲಿನಾಥ ಚಪ್ಪಲಿಯನ್ನು ಬಾಗಿಲ ಹೊರಗೆ ಎಷ್ಟೋ ದೂರ ಬಿಟ್ಟು, ಮಗಳ ಕೈ ಹಿಡಿದು ಒಳಗೆ ಬಂದ. ಗುರುಬಾಯಿ ಬಾಯಲ್ಲಿ ಮಾತನ್ನು ಸಿದ್ಧ ಇಟ್ಟುಕೊಂಡಿದ್ದಳು. ಸಾಹುಕಾರ್‍ರ, ತಪ್ಪಾಗೇತಿ ಎಂದು ಶುರು ಮಾಡಬೇಕು.

ಕೂಸು ಅಪ್ಪನ ಕೈ ಬಿಡಿಸಿಕೊಂಡು ಗೋಡೆಯ ಹತ್ತಿರ ಹೋಯಿತು. ಗೋಡೆಯಾಚೆ ದಶರಥನ ಎಂಟು ಮಗ್ಗ ಓಡುತ್ತಿದ್ದವು. ಕೂಸು ಎರಡೂ ಅಂಗೈಯನ್ನು ಗೋಡೆಗೆ ಒತ್ತಿ ನಿಂತಿತು. ಮೊದಲು ಕಣ್ಣು ಅಗಲ ಮಾಡಿತು, ಆಮೇಲೆ ಕೆನ್ನೆ ಒತ್ತಿತು, ಆಮೇಲೆ ಯಾರೋ ಕಚಗುಳಿ ಇಟ್ಟ ಹಾಗೆ ನಗತೊಡಗಿತು. ನಗೆ ಸದ್ದು ಮಾಡುತ್ತಿದೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ.

"ಏನ ಮಾಡಾಕತ್ತೈತಪ್ಪಾ?" ಎಂದಳು ಗುರುಬಾಯಿ.

"ಗ್ವಾಡಿ ನಡಗೂದು ಗೊತ್ತಾಗತೈತ್ರಿ ಯವ್ವಾ," ಎಂದ ಮಲ್ಲಿನಾಥ. "ಅದಕ ಕೇಳೂದು ಅಂದ್ರ ಅಷ್ಟರಿ."

ಶಿದ್ರಾಮಪ್ಪ ಸೀರೆಯನ್ನು ಚಾಪೆಯ ಮೇಲೆ ಬಿಡಿಸಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣು ಓಡಿಸಿದರು. "ಎಲ್ಲಾ ಒಂದ ಥರಾ ಕಾಣತೈತಲ್ರಿ ಅಕ್ಕಾರ. ಅವ್ರು ನೇಯ್ದದ್ದು ಯಾವುದು?"

ಕ್ಯಾಮೆರಾ ಹತ್ತಿರ ಬಂತು. ಕಾಂಚನಾ ಬಾಗಿಲಿಗೆ ಬಂದು ನಿಂತಳು. ಕೂಸು ಇನ್ನೂ ಗೋಡೆಗೆ ಕೆನ್ನೆ ಒತ್ತಿತ್ತು. ಗುರುಬಾಯಿ ಬಗ್ಗಿ ಸೆರಗಿನ ಹತ್ತಿರದ ಒಂದು ಗೇಣಿನ ಮೇಲೆ ಬೆರಳಿಟ್ಟಳು. ಇಡೀ ಸೀರೆಯಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇರಲಿಲ್ಲ, ಅಷ್ಟು ಚಂದವೂ ಎಲ್ಲೂ ಬಂದಿರಲಿಲ್ಲ.

"ಇದರಿ," ಎಂದಳು.

"ವಾಹ್ವಾ!" ಶಿದ್ರಾಮಪ್ಪ ಮೊಣಕಾಲೂರಿ ಕೂತರು. "ಏನ ಕೈರಿ ಆ ಮನಶ್ಯಾಂದು! ಒಂದ ತಾಸಿನ್ಯಾಗ ಹಿಂಗ? ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ, ಉಳದದ್ದು ಇದರ ಮುಂದ ಸಪ್ಪಗ ಕಾಣತೈತಿ ನೋಡ್ರಿ."

ಎಲ್ಲರೂ ನಕ್ಕರು. ಗುರುಬಾಯಿಯೂ ನಕ್ಕಳು, ಕ್ಯಾಮೆರಾ ಇತ್ತಲ್ಲ. ಒಳಗೆ ಮಾತ್ರ ಧಗಧಗ ಉರಿಯಿತು. ನಲವತ್ತು ವರ್ಷದಲ್ಲಿ ಯಾರೂ ಅವಳ ನೇಯ್ಗೆಯ ಮುಂದೆ ಮೊಣಕಾಲೂರಿರಲಿಲ್ಲ. ಇವತ್ತು ಊರಿದರು, ಬೇರೆಯವನ ಹೆಸರಿಗೆ. ಇನ್ನು ಅದು ಗಾಜಿನ ಪೆಟ್ಟಿಗೆಯಲ್ಲಿ ಆ ಹೆಸರಿನಲ್ಲೇ ಇರುತ್ತದೆ.

ತನ್ನ ತವರು ರಬಕವಿ, ಅಪ್ಪನವು ಎರಡು ಕೈಮಗ್ಗ ಇದ್ದವು ಎಂದು ಭಾಗವ್ವ ಬಂದ ಕೂಡಲೇ ಚಹಾ ಕುಡಿಯುತ್ತ ಹೇಳಿದ್ದಳು. ಈಗ ಅವಳು ಸೀರೆಯ ಆ ಭಾಗವನ್ನು ಎತ್ತಿ ಹಿಂಬದಿಗೆ ತಿರುಗಿಸಿದಳು. ಗಿರಾಕಿಯಾದವನು ಬಟ್ಟೆಯ ಮುಖ ನೋಡುತ್ತಾನೆ, ನೇಕಾರರ ಮಕ್ಕಳು ಬೆನ್ನು ನೋಡುತ್ತಾರೆ; ಯಾರ ಕೈ ಎಂಬುದು ತಿಳಿಯುವುದು ಅಲ್ಲೇ. ಹೆಬ್ಬೆರಳಿನಿಂದ ಆ ಗೇಣನ್ನು ಸವರಿದಳು, ಅದರ ಆಚೆಗಿನದನ್ನು ಸವರಿದಳು, ಈಚೆಗಿನದನ್ನು ಸವರಿದಳು. ಮತ್ತೆ ಮೊದಲಿನಿಂದ ಸವರಿದಳು. ಆಮೇಲೆ ತಲೆ ಎತ್ತಿ ಗುರುಬಾಯಿಯ ಮುಖ ನೋಡಿದಳು.

ಗುರುಬಾಯಿ ಕಣ್ಣು ಕೆಳಗೆ ಮಾಡಲಿಲ್ಲ. ಕೂಸಿನ ಕಡೆ ಒಮ್ಮೆ ನೋಡಿದಳು. ಭಾಗವ್ವನೂ ನೋಡಿದಳು.

"ಏನ ನೋಡಾಕತ್ತಿ ಅಷ್ಟೊತ್ತು?" ಎಂದರು ಶಿದ್ರಾಮಪ್ಪ.

"ಬ್ಯಾರೆ ಕೈ ಐತ್ರಿ ಇಲ್ಲೆ," ಎಂದಳು ಭಾಗವ್ವ. "ಖರೆ ಅವ್ರದ. ಬರೀರಿ ಚೆಕ್."

ಶಿದ್ರಾಮಪ್ಪ ಕಿಸೆಯಿಂದ ಪೆನ್ನು ತೆಗೆದರು.