ಎಲೆಕೋಸಿನ ಕೀರ್ತಿ

ಟೈಲರಮ್ಮ ಗಂಡನ ಪ್ಯಾಂಟಿನ ಹೊಲಿಗೆಯನ್ನು ಮೂರನೆಯ ಸಲ ಬಿಚ್ಚಿ ಸೊಂಟ ಹಿಡಿಸಿ ಚಿಕ್ಕದು ಮಾಡುತ್ತಿದ್ದಾಗ ಬೇಕರಿಯವಳು ಹರಿದ ಏಪ್ರನ್ ಹಿಡಿದುಕೊಂಡು ಬಂದಳು. ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಹೊಲಿಯುವವಳು ಒಳಗೆ ಕೂತರೆ ಹೊಲಿಸುವವರು ಹೊರಗೇ ನಿಲ್ಲಬೇಕು. ಬೇಕರಿಯವಳು ಹೊರಗೆ ನಿಂತೇ ಆ ನೀಲಿ ಪ್ಯಾಂಟು ಯಾರದೆಂದು ಕೇಳಿದಳು. ಕೇಳಲಿ ಎಂದೇ ಕಾದಿದ್ದ ಟೈಲರಮ್ಮ ಅದನ್ನು ಎತ್ತಿ ಹಿಡಿದು, ಕತ್ತರಿಸಿ ತೆಗೆದ ಬಟ್ಟೆಯನ್ನೂ ಪಕ್ಕದಲ್ಲಿ ತೋರಿಸಿದಳು.

ಆ ಹೆಮ್ಮೆಗೆ ಕಾರಣವಿತ್ತು. ಅವಳ ಗಂಡ ಶಾಲೆಯ ಬಸ್ಸು ಓಡಿಸುತ್ತಿದ್ದ. ಮಕ್ಕಳು ಅವನಿಗೆ ಡ್ರಮ್ಮು ಎಂದು ಹೆಸರಿಟ್ಟಿದ್ದರು, ಅನ್ಯಾಯವಾಗಿ ಏನಲ್ಲ. ಸ್ಟೀರಿಂಗಿಗೂ ಹೊಟ್ಟೆಗೂ ನಡುವೆ ಗಾಳಿ ಆಡುವುದೂ ಕಷ್ಟವಾದಾಗ ಶಾಲೆಯವರು ಕರೆದು, ತೂಕ ಇಳಿಸದಿದ್ದರೆ ಬೇರೆ ಚಾಲಕನನ್ನು ನೋಡಿಕೊಳ್ಳಬೇಕಾಗುತ್ತದೆ ಎಂದಿದ್ದರು. ಅಂದಿನಿಂದ ಮನೆಯಲ್ಲಿ ಎಲೆಕೋಸಿನ ರಾಜ್ಯಭಾರ. ತಟ್ಟೆಯ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಕೋಸು, ಸೌತೆಕಾಯಿ, ಪಾಲಕ್, ಸೋರೆಕಾಯಿಗಳೇ ಹಿಡಿದವು. ಹೊಟ್ಟೆಯೂ ತುಂಬಬೇಕು, ಮೈಗೂ ಹತ್ತಬಾರದು ಎಂಬುದು ಅವಳ ಲೆಕ್ಕ. ನನ್ನ ತಮ್ಮನಿಗೆ ಊಟ ಹಾಕುತ್ತೀಯೋ ಮೇವು ಹಾಕುತ್ತೀಯೋ ಎಂದು ಮೂಗು ಮುರಿದಿದ್ದ ಅತ್ತಿಗೆಯೇ, ತಮ್ಮನ ಪ್ಯಾಂಟು ಸೊಂಟದಲ್ಲಿ ನಿಲ್ಲದ್ದನ್ನು ಕಂಡ ಮೇಲೆ ಕೋಸಿನ ಸೂಪು ಮಾಡುವುದು ಹೇಗೆಂದು ಫೋನು ಮಾಡಿದಳು. ಬೀದಿಯ ಹೆಂಗಸರು ಗುಂಡಿ ಹಾಕಿಸುವ ನೆಪದಲ್ಲಿ ಬಂದು ಸಲಹೆ ಕೇಳುತ್ತಿದ್ದರು. ಟೈಲರಮ್ಮ ದೊಡ್ಡ ಡಾಕ್ಟರರಂತೆ ತಲೆ ಎತ್ತದೆಯೇ ಉತ್ತರ ಕೊಡುತ್ತಿದ್ದಳು.

ಬೇಕರಿಯವಳು ಮಾತ್ರ ಸಲಹೆ ಕೇಳಲಿಲ್ಲ. ಪ್ಯಾಂಟನ್ನು ನೋಡಿ ನಕ್ಕಳು.

"ನಿಮ್ಮನೆಯವರದು ಅದೃಷ್ಟದ ಮೈ ಅಕ್ಕ. ದಿನಾ ಸಂಜೆ ನಮ್ಮಲ್ಲಿ ಎರಡು ಕ್ರೀಮ್ ಬನ್ ತಗೊಂಡು, ಒಂದು ದೊಡ್ಡ ಬಾಟಲಿ ಜ್ಯೂಸ್ ಕುಡಿದು ಹೋಗ್ತಾರೆ. ನಾನು ಅದರ ವಾಸನೆ ಕುಡಿದ್ರೂ ಊದ್ಕೋತೀನಿ."

ಆಮೇಲೆ ಟೈಲರಮ್ಮನ ಮುಖ ನೋಡಿ, ಇದು ತಾನು ಹೇಳಬಾರದಿದ್ದ ಸಂಗತಿಯೆಂದು ಹೊಳೆದು, ಏಪ್ರನ್ ನಿಧಾನಕ್ಕೆ ಆದರೂ ಪರವಾಗಿಲ್ಲ ಎಂದು ಹೊರಟುಬಿಟ್ಟಳು.

ಟೈಲರಮ್ಮ ಅಂಗಡಿಗೆ ಬೀಗ ಹಾಕಿದಳು. ದಾರಿಯುದ್ದಕ್ಕೂ ಜಗಳವನ್ನು ಅಳತೆ ತೆಗೆದು, ಕತ್ತರಿಸಿ, ಹೊಲಿದು ಸಿದ್ಧಮಾಡಿಕೊಂಡಳು. ತಾನು ಒಲೆಯ ಮುಂದೆ ಬೆಂದದ್ದು, ತಾನೂ ಅದೇ ಸಪ್ಪೆ ಕೋಸು ತಿಂದದ್ದು, ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ರಸ್ತೆ ದಾಟಲು ನಿಂತಾಗ ತೋಳ ಮೇಲಿದ್ದ ಪ್ಯಾಂಟಿನ ಕಡೆ ಕಣ್ಣು ಹೋಯಿತು. ದಿನಾ ಬನ್ನು ತಿಂದವನ ಸೊಂಟ ಇಳಿಸಿದವರು ಯಾರು?

ದಾಟುವವರ ಹಸಿರು ದೀಪ ಹತ್ತಿ ಆರಿತು. ಅವಳು ದಾಟಲಿಲ್ಲ. ಸೊಂಟ ಮಾತ್ರವಲ್ಲ, ತೊಡೆಯಲ್ಲೂ ಬಟ್ಟೆ ಹಿಡಿಸಿದ್ದಳು. ಅಂಗಿಯ ಭುಜದ ಹೊಲಿಗೆ ಅವನ ತೋಳಿನ ಮೇಲೆ ಜಾರಿ ಕೂತಿತ್ತು. ಹಾಸಿಗೆಯ ಪಕ್ಕ ತುಂಬಿಟ್ಟ ಹೂಜಿ ಬೆಳಗಾಗುವುದರಲ್ಲಿ ಖಾಲಿ. ಮನೆಗೆ ಬಂದವನು ಬೂಟು ಬಿಚ್ಚುವ ಮೊದಲೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಒಂದೊಂದನ್ನೂ ಕಂಡಿದ್ದಳು, ಒಂದೊಂದನ್ನೂ ಎಲೆಕೋಸಿನ ಖಾತೆಗೆ ಜಮಾ ಮಾಡಿದ್ದಳು.

ಮನೆಯಲ್ಲಿ ಅವನು ವಿಧೇಯ ವಿದ್ಯಾರ್ಥಿಯಂತೆ ಸೌತೆಕಾಯಿ ತಿನ್ನುತ್ತಿದ್ದ.

"ರೀ, ಬನ್ನಿನ ವಿಷಯ ಗೊತ್ತಾಯ್ತು."

ಅಗಿಯುವುದು ನಿಂತಿತು. ನಾಳೆಯಿಂದ ಬಿಟ್ಟುಬಿಡುತ್ತೇನೆ ಎಂದ. ಇಷ್ಟೆಲ್ಲ ತಿಂದ ಮೇಲೂ ಹಸಿವು ತಡೆಯಲಾಗುವುದಿಲ್ಲ, ಏನು ಮಾಡಲಿ ಎಂದ.

"ಬೈತಿಲ್ಲ ನಾನು. ಅಷ್ಟು ತಿಂದೂ ಹೀಗೆ ಇಳಿದಿದ್ದೀರಲ್ಲ, ಅದನ್ನ ಕೇಳ್ತಿದ್ದೀನಿ."

ಅವನು ಸೌತೆಕಾಯಿಯ ಬಿಲ್ಲೆಗಳನ್ನು ತಟ್ಟೆಯ ಅಂಚಿಗೆ ಒಂದೊಂದಾಗಿ ಸರಿಸಿದ.

"ನನಗೂ ಅನ್ನಿಸಿತ್ತು ಕಣೇ."

"ಯಾವಾಗ?"

"ಎರಡನೇ ಸಲ ಪ್ಯಾಂಟು ಹಿಡಿಸಿದೆಯಲ್ಲ, ಆಗಲೇ. ನೀನು ಬೀದಿಗೆಲ್ಲ ಹೇಳ್ಕೊಂಡು ಅಷ್ಟು ಖುಷಿಯಾಗಿದ್ದೆ. ಹೇಗೆ ಹೇಳೋದು?" ತಟ್ಟೆಯನ್ನು ದೂರ ತಳ್ಳಿ, "ದಪ್ಪ ಅಂತಾದ್ರೆ ಇಳಿಸು ಅಂತಾರೆ. ಕಾಯಿಲೆ ಅಂತ ಬಂದ್ರೆ ಬಸ್ಸು ಕೊಡ್ತಾರಾ?" ಎಂದ.

ದಾರಿಯಲ್ಲಿ ಹೊಲಿದು ತಂದ ಜಗಳ ಯಾರ ಮೈಗೂ ಆಗುವಂತಿರಲಿಲ್ಲ. ಅಷ್ಟರಲ್ಲಿ ಅತ್ತಿಗೆಯ ಫೋನು ಬಂತು. ಸೂಪಿಗೆ ಉಪ್ಪು ಹಾಕಬಹುದೋ ಬಾರದೋ ಎಂಬ ಅನುಮಾನ.

"ಕೋಸು ಒಳ್ಳೇದೇ ಅತ್ತಿಗೆ, ತಿನ್ನಿ," ಎಂದಳು ಟೈಲರಮ್ಮ. "ಆದ್ರೆ ನಿಮ್ಮ ತಮ್ಮ ಇಳಿದದ್ದು ಅದರಿಂದಲ್ಲ ಅನ್ಸುತ್ತೆ."

ಹಾಗಾದರೆ ಯಾವುದರಿಂದ ಎಂದು ಆ ಕಡೆಯಿಂದ ಕೇಳಿದ್ದಕ್ಕೆ, ನಾಳೆ ಹೇಳುತ್ತೇನೆಂದು ಫೋನು ಇಟ್ಟಳು. ಆಸ್ಪತ್ರೆಗೆ ಭಾನುವಾರ ಹೋದರಾಯಿತಲ್ಲ ಎಂದ ಗಂಡ. ಅವಳು ನಾಳೆ ಎಂದಳು. ಅವನು ವಾದ ಮಾಡಲಿಲ್ಲ. ಅವಳಿಗೆ ಅದೇ ಹೆಚ್ಚು ಭಯ ಹುಟ್ಟಿಸಿತು.

ಮರುದಿನ ಮಕ್ಕಳನ್ನು ಶಾಲೆಗೆ ಬಿಟ್ಟು ಅವನು ಸೀದಾ ಹೆಂಡತಿ ಕಾಯುತ್ತಿದ್ದ ಆಸ್ಪತ್ರೆಗೆ ಬಂದ. ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ರಕ್ತ ತೆಗೆದ ನರ್ಸು, ತೂಕದ ಯಂತ್ರ ಹತ್ತಿ ಎಂದಳು. ಅವನು ತೂಕ ಕಡಿಮೆ ತೋರಲಿ ಎಂಬ ಹಳೆಯ ಅಭ್ಯಾಸದಿಂದ ಬೂಟು ಬಿಚ್ಚಿದ, ಬೆಲ್ಟು ತೆಗೆದ, ಬಸ್ಸಿನ ಕೀಲಿಗೊಂಚಲನ್ನು ಹೆಂಡತಿಯ ಕೈಗಿಟ್ಟು ಉಸಿರು ಬಿಗಿಹಿಡಿದು ನಿಂತ. ಮುಳ್ಳು ಸ್ವಲ್ಪವೇ ಮೇಲೆದ್ದು ನಡುಗತೊಡಗಿತು.

"ಬೂಟು ಹಾಕ್ಕೊಂಡು ನಿಲ್ಲಿ ರೀ," ಎಂದಳು ಅವಳು, ಸಣ್ಣ ದನಿಯಲ್ಲಿ.

ನರ್ಸು ತಲೆ ಎತ್ತಿ ನೋಡಿದಳು. ಅವನು ಕೆಳಗಿಳಿದು ಎರಡೂ ಬೂಟುಗಳಲ್ಲಿ ಕಾಲು ತೂರಿಸಿದ. ಹೆಂಡತಿಯ ಅಂಗೈಯಿಂದ ಕೀಲಿಗೊಂಚಲನ್ನು ತೆಗೆದುಕೊಂಡ. ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ದಾರ ಕಟ್ಟದ ಬೂಟುಗಳಲ್ಲಿ ಮತ್ತೆ ಯಂತ್ರದ ಮೇಲೆ ಹತ್ತಿ ನಿಂತ.