ಇನ್ನೂ ನೆನೆಹಾಕದ ಬೇಳೆ

ಬೆಳಿಗ್ಗೆ ಆರಕ್ಕೆಲ್ಲ ನಾವು ಏಳು ಹೆಂಗಸರು ಹಿಕ್ಸ್‌ವಿಲ್ ಸ್ಟೇಷನ್ನಿನ ಹಿಂದಿರುವ ಅಡುಗೆಮನೆಯಲ್ಲಿರಬೇಕು. ಅದು ನಾಗಲಿಂಗಪ್ಪನವರ ಕೇಟರಿಂಗ್. ಕಿಟಕಿ ಇಲ್ಲ. ಕೂದಲಿಗೆ ಹತ್ತಿದ ಎಣ್ಣೆಯ ಹೊಗೆ ಮೂರು ಸಲ ತೊಳೆದರೂ ಹೋಗುವುದಿಲ್ಲ. ಹೋಳಿಗೆ ಬೇಯಿಸುವ ನಿಂಗಮ್ಮನ ಬೆರಳ ತುದಿಗಳು ಕಾವಲಿಯ ಮೇಲೆ ಸುಟ್ಟು ಸುಟ್ಟು ನುಣ್ಣಗಾಗಿವೆ.

ಡಬ್ಬಿಗಳ ಮೇಲೆ ಚೀಟಿ ಬರೆದು ಅಂಟಿಸುವುದು ನನ್ನ ಕೆಲಸ. ಪುಳಿಯೋಗರೆ. ಮೊಸರನ್ನ. ಪ್ರೀತಮ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಗಂಡನಿಲ್ಲದ ಮನೆಯಲ್ಲಿ ಮಾತಾಡುವುದು ಮರೆತುಹೋಗಿತ್ತು. ದಿನಕ್ಕೆ ಆ ಚೀಟಿಗಳಷ್ಟು ಬರೆದರೆ ಸಾಕಾಗುತ್ತಿತ್ತು. ಮೈಸೂರಿನಲ್ಲಿ ರಾಜ್ಯಶಾಸ್ತ್ರ ಎಂ.ಎ. ಮಾಡಿದ್ದೇನೆ ಎಂಬುದು ಇಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಈ ದೇಶದ ಹೊಸ ಅಧ್ಯಕ್ಷರು ಟೀವಿಯಲ್ಲಿ ಮಾತಾಡಿದ ಮರುದಿನ ನಾಗಲಿಂಗಪ್ಪ ಕರೆದರು.

"ಅರ್ಪಿತಾ, ನಿನ್ನ ಅಕ್ಷರ ಚೆನ್ನಾಗಿದೆ. ಕನ್ನಡದಲ್ಲಿ ಒಂದು ನೋಟಿಸ್ ಬರಿಯಮ್ಮ."

ಅವರು ಹೇಳಿದರು, ನಾನು ಬರೆದೆ. 'ಈ ದೇಶದಲ್ಲಿ ಉಳಿಯಲು ಅರ್ಜಿ ಹಾಕಿ ಕಾಯುತ್ತಿರುವವರ ವರ್ಕ್ ಪರ್ಮಿಟ್ ರದ್ದು ಮಾಡುವ ಕಾನೂನು ಬಂದಿದೆ. ಎಲ್ಲರೂ ತಮ್ಮ ಪಾಸ್‌ಪೋರ್ಟನ್ನು ಆಫೀಸಿಗೆ ಒಪ್ಪಿಸತಕ್ಕದ್ದು.'

ಬಂದಿರುವುದು ಕಾನೂನಲ್ಲ, ಬರೀ ಪ್ರಸ್ತಾವ ಎಂದು ನನಗೆ ಗೊತ್ತಿತ್ತು. ಆದರೂ ಬರೆದೆ. ಎಲ್ಲರೂ ಪಾಸ್‌ಪೋರ್ಟ್ ಕೊಟ್ಟರು. ನಾನೂ ಕೊಟ್ಟೆ. ಮರುವಾರದಿಂದ ಭಾನುವಾರದ ರಜೆ ನಿಂತಿತು. ಯಾರೂ ಕೇಳಲಿಲ್ಲ.

ಹನ್ನೆರಡು ದಿನವಾದ ಮೇಲೆ, ಒಂದು ಶುಕ್ರವಾರ ಬೆಳಿಗ್ಗೆ, ನಿಂಗಮ್ಮ ರವಿಕೆಯೊಳಗಿಂದ ಒಂದು ಕಾಗದ ತೆಗೆದಳು.

"ಇದ್ರಲ್ಲಿ ಏನೈತೆ ಓದವ್ವ."

ಓದಿದೆ. "ಇವತ್ತು ಹನ್ನೊಂದು ಗಂಟೆಗೆ ವಲಸೆ ಆಫೀಸಿನವರು ಬೆರಳಚ್ಚು ಕೊಡೋಕೆ ಕರೆದಿದ್ದಾರೆ. ಪಾಸ್‌ಪೋರ್ಟ್ ತರಬೇಕು."

"ಸಾರ್‌ಗೆ ತೋರಿಸ್ದೆ. ಹೋದ್ರೆ ಅಲ್ಲೇ ಹಿಡ್ಕತಾರೆ, ಹರಿದಾಕು ಅಂದ್ರು."

"ಹೋಗದಿದ್ರೆ ನಿಮ್ಮ ಅರ್ಜೀನೇ ಬಿದ್ದುಹೋಗುತ್ತೆ, ನಿಂಗಮ್ಮ. ಆಮೇಲೆ ನಿಜವಾಗ್ಲೂ ನಿಮ್ಮ ಹತ್ರ ಯಾವ ಕಾಗದಾನೂ ಇರಲ್ಲ."

"ಕಾನೂನು ಬಂದೈತಲ್ಲವ್ವ? ನೀನೇ ಬರ್ದಿದ್ದೀಯ."

"ಬಂದಿಲ್ಲ."

"ಟೀವೀಲಿ ಹೇಳಿದ್ರಲ್ಲ! ನಮ್ಮ ಕಡೆ ರಾತ್ರಿ ಎಂಟಕ್ಕೆ ಟೀವೀಲಿ ಅಂದ್ರು, ಹನ್ನೆರಡಕ್ಕೆ ಐನೂರರ ನೋಟು ಸತ್ತೋಯ್ತು. ಅಷ್ಟೇ ಹೊತ್ತು."

ಲಟ್ಟಿಸುತ್ತಿದ್ದ ಕೈಗಳು ನಿಂತವು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎಂಟು ತಿಂಗಳಲ್ಲಿ ಆಡದಷ್ಟು ಮಾತು ಆಗ ಆಡಿದೆ.

"ಅಧ್ಯಕ್ಷರ ಕೆಲವು ಆದೇಶ ಸಹಿ ಬಿದ್ದ ದಿನವೇ ಜಾರಿಯಾಗುತ್ತೆ. ಇದು ಹಾಗಲ್ಲ. ಇದು ಹಳೇ ಕಾನೂನನ್ನೇ ಬದಲಾಯಿಸೋ ಮಾತು. ಯಾರೋ ಫೋನ್ ಮಾಡಿ ಮುನ್ನೂರು ಹೋಳಿಗೆ ಬೇಕು ಅಂದ ತಕ್ಷಣ ಹೋಳಿಗೆ ಆಗಿಬಿಡುತ್ತಾ?"

"ಎಲ್ಲಿ ಆಯ್ತದೆ? ನನ್ನ ಸೊಂಟ ಬೀಳ್ಬೇಕು," ಎಂದಳು ಶೈಲಮ್ಮ. ಅವಳು ಕಣಕ ನಾದಿ ಲಟ್ಟಿಸುವವಳು.

"ಇದೂ ಅಷ್ಟೆ, ಬರೀ ಆರ್ಡರ್. ಯಾರಾದ್ರೂ ಮಸೂದೆ ತರಬೇಕು. ಸಮಿತಿ ಅದನ್ನ ಜಾಲಾಡಬೇಕು. ಕೆಳಮನೆ ವೋಟು ಹಾಕಬೇಕು. ಮೇಲ್ಮನೇನೂ ಅದಕ್ಕೇ ಒಪ್ಪಬೇಕು. ಆಮೇಲೆ ಅಧ್ಯಕ್ಷರ ಸಹಿ. ಎಷ್ಟೋ ಮಧ್ಯದಲ್ಲೇ ನಿಂತುಹೋಗುತ್ತೆ."

"ಈಗ ಎಲ್ಲಿಗೆ ಬಂದೈತೆ?"

"ಮಸೂದೇನೇ ಬಂದಿಲ್ಲ."

ನಿಂಗಮ್ಮ ನನ್ನ ಕೈಯಿಂದ ಕಾಗದ ವಾಪಸ್ ತೆಗೆದುಕೊಂಡಳು. "ಅಂದ್ರೆ ಇನ್ನೂ ಬೇಳೇನೇ ನೆನೆಹಾಕಿಲ್ಲ."

"ಇಲ್ಲ."

"ಮತ್ಯಾಕವ್ವ ಹಂಗೆ ಬರ್ದೆ?"

ಬೈದಿದ್ದರೆ ಚೆನ್ನಾಗಿತ್ತು. ಆಕೆ ಬೈಯಲಿಲ್ಲ.

"ಅಲ್ಲಿ ಏನೂ ಆಗಲ್ಲ ಅಂತ ನಾನು ಆಣೆ ಇಡಲಾರೆ," ಎಂದೆ.

"ಇಲ್ಲಿ ಮಾತ್ರ ಏನಾಗ್ದೆ ಉಳ್ದೈತೆ?" ನಿಂಗಮ್ಮ ಕೈ ಒರೆಸಿಕೊಂಡು ಆಫೀಸಿನ ಕಡೆ ಹೊರಟಳು. ನಾವೂ ಹೊರಟೆವು, ಲಟ್ಟಿಸುತ್ತಿದ್ದವರು ಲಟ್ಟಣಿಗೆ ಹಿಡಿದೇ.

ನಾಗಲಿಂಗಪ್ಪ ಫೋನಿನಿಂದ ತಲೆ ಎತ್ತಿದರು. "ಏನಿದು, ಮೆರವಣಿಗೆ?"

"ಪಾಸ್‌ಪೋರ್ಟ್ ಕೊಡಿ ಸಾರ್," ಎಂದಳು ನಿಂಗಮ್ಮ.

"ನಿನ್ನ ಒಳ್ಳೇದಕ್ಕೇ ಕಣಮ್ಮ ಇಟ್ಕೊಂಡಿರೋದು. ಕಾನೂನು ಬಂದಿದೆ."

"ಬಂದಿಲ್ಲ. ಇನ್ನೂ ಬೇಳೆ ನೆನೆಹಾಕಿಲ್ಲ."

"ಏನಂದೆ?"

"ನಾವೂ ನೆನೆಹಾಕಿಲ್ಲ ಸಾರ್," ಎಂದಳು ಶೈಲಮ್ಮ. "ನಾಳೆ ಜೆರಿಕೋದಲ್ಲಿ ನಿಶ್ಚಿತಾರ್ಥ. ಮುನ್ನೂರು ಹೋಳಿಗೆ." ತನ್ನ ಲಟ್ಟಣಿಗೆಯನ್ನು ಅವರ ಮೇಜಿನ ಮೇಲಿಟ್ಟಳು. ಅದರ ಪಕ್ಕದಲ್ಲಿ ಇನ್ನೊಂದು ಬಿತ್ತು. ಆಮೇಲೆ ಮತ್ತೊಂದು.

"ಸೋಮವಾರ ಕೊಡ್ತೀನಿ. ಈಗ ಕೆಲಸ ನೋಡಿ."

"ಇವತ್ತೇ ಹನ್ನೊಂದಕ್ಕೆ," ಎಂದಳು ನಿಂಗಮ್ಮ. "ನಂದೊಂದೇ ಅಲ್ಲ. ಎಲ್ಲಾರ್ದೂ."

ನಾಗಲಿಂಗಪ್ಪ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಯಾರೂ ಕಣ್ಣು ತಗ್ಗಿಸಲಿಲ್ಲ. ಡ್ರಾಯರ್ ತೆರೆಯಿತು. ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಮೇಜಿನ ಮೇಲೆ ಬಿತ್ತು. ಎಲ್ಲಕ್ಕಿಂತ ಕೆಳಗೆ ನನ್ನದಿತ್ತು.

"ಇದೆಲ್ಲ ನಿನ್ನ ಓದು ಅಲ್ವಾ ಅರ್ಪಿತಾ? ನಾಳೆಯಿಂದ ನೀನು ಬರಬೇಡ."

ಇದಕ್ಕೆ ಮಸೂದೆ ಬೇಕಿರಲಿಲ್ಲ. ಕೆಳಮನೆ, ಮೇಲ್ಮನೆ ಯಾವುದೂ ಬೇಕಿರಲಿಲ್ಲ. ಬಾಯಿಂದ ಬಿದ್ದ ಕೂಡಲೇ ಜಾರಿ.

"ನಡಿಯವ್ವ, ಹೊತ್ತಾಯ್ತದೆ," ಎಂದಳು ನಿಂಗಮ್ಮ. "ಅಲ್ಲಿ ಓದಿ ಹೇಳಾಕೆ ನೀನು ಬೇಕು."

ಕೋಟು ಹಾಕಿಕೊಂಡೆ. ಹೋಗುವಾಗ ಗೋಡೆಯ ಮೇಲಿದ್ದ ನೋಟಿಸನ್ನು ಕಿತ್ತೆ. ಚೆನ್ನಾದ ಅಕ್ಷರ.

ಉಳಿದವರು ಮೇಜಿನ ಸುತ್ತ ಹಾಗೇ ನಿಂತಿದ್ದರು. ಲಟ್ಟಣಿಗೆಗಳೂ ಹಾಗೇ ಇದ್ದವು.

"ತಗೊಳ್ರಮ್ಮ, ಕೆಲಸಕ್ಕೆ ಹೋಗಿ," ಎಂದರು ನಾಗಲಿಂಗಪ್ಪ. "ಅವಳ ವಿಷಯ ಮುಗೀತು."

ಶೈಲಮ್ಮ ಅಲುಗಲಿಲ್ಲ.

"ನಾವಿನ್ನೂ ಒಪ್ಪಿಲ್ವಲ್ಲ ಸಾರ್," ಎಂದಳು.